ಹದಿನೈದು ವರ್ಷದ ಹುಡುಗ ಮಾಡಿದ ಅಕ್ಷರ



ನಮ್ಮ ಮನೆಯಲ್ಲಿ ಸೂಜಿಗೆ ದಾರ ಪೋಣಿಸುವ ಕೆಲಸ ನನ್ನದು. ಅಜ್ಜಿ ಕೌದಿ ಚೆನ್ನಾಗಿ ಹೊಲೀತಾರೆ, ಆದರೆ ದಾರ ಪೋಣಿಸೋಕೆ ಆಗಲ್ಲ. ಅಪ್ಪನೂ ದಾರದ ತುದಿಯನ್ನು ನೆನೆಸಿ ನೆನೆಸಿ ಕೊನೆಗೆ ನನ್ನನ್ನೇ ಕರೀತಾರೆ. ದೊಡ್ಡವರಿಗಿಂತ ಮಕ್ಕಳು ಚೆನ್ನಾಗಿ ಮಾಡುವ ಕೆಲಸದ ಬಗ್ಗೆ ಈ ಸಲದ ಗೋಡೆ ಪತ್ರಿಕೆಗೆ ಬರೆಯಿರಿ ಎಂದು ಗುರುಗಳು ಹೇಳಿದಾಗ ನನಗೆ ಮೊದಲು ನೆನಪಾಗಿದ್ದು ಅದೇ. ಆದರೆ ಅದನ್ನು ಬರೆದರೆ ಎಲ್ಲರೂ ನಗ್ತಾರೆ. ಗುರುಗಳು ಕಪಾಟಿನಿಂದ ಒಂದು ಪುಸ್ತಕ ತೆಗೆದುಕೊಟ್ಟು ಇದನ್ನು ಓದು ಅಂದರು. ಅದು ಲೂಯಿ ಬ್ರೈಲ್ ಅವರ ಜೀವನ ಚರಿತ್ರೆ. ಅವರ ವಿಷಯ ಬರೆಯಲು ನನಗೆ ಇನ್ನೊಂದು ಕಾರಣವೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಲೂಯಿ ಬ್ರೈಲ್ ಹುಟ್ಟಿದ್ದು 1809ನೇ ಇಸವಿ ಜನವರಿ 4ರಂದು, ಫ್ರಾನ್ಸ್ ದೇಶದ ಕೂವ್ರೇ ಎಂಬ ಹಳ್ಳಿಯಲ್ಲಿ. ಅದು ಪ್ಯಾರಿಸ್ ನಗರದಿಂದ ಸುಮಾರು 40 ಕಿಲೋಮೀಟರ್ ದೂರ. ಅವರ ತಂದೆ ಕುದುರೆಗಳಿಗೆ ತೊಗಲಿನ ಜೀನು, ಪಟ್ಟಿ ಹೊಲಿಯುತ್ತಿದ್ದರು. ನಾಲ್ಕು ಮಕ್ಕಳಲ್ಲಿ ಲೂಯಿಯೇ ಕೊನೆಯವನು. (ಹುಡುಗನಾಗಿದ್ದಾಗಿನ ಮಾತು, ಅದಕ್ಕೇ ಅವನು ಅಂತ ಬರೆದಿದ್ದೇನೆ. ತಪ್ಪು ತಿಳಿಯಬೇಡಿ.)

ಲೂಯಿಗೆ ಮೂರು ವರ್ಷ. ಒಂದು ದಿನ ಅಪ್ಪನ ಹಾಗೇ ತಾನೂ ಕೆಲಸ ಮಾಡಬೇಕೆಂದು ತೊಗಲಿಗೆ ತೂತು ಹಾಕುವ ಚೂಪಾದ ಉಪಕರಣವನ್ನು ಕೈಗೆ ತಗೊಂಡ. ಅದು ನಮ್ಮ ದಬ್ಬಳದ ತರಹ ಇರುತ್ತೆ. ಅದು ಜಾರಿ ಒಂದು ಕಣ್ಣಿಗೆ ಚುಚ್ಚಿತು. ಆಗಿನ ಕಾಲದಲ್ಲಿ ಕೀವಾಗದಂತೆ ತಡೆಯುವ ಔಷಧಿ ಇರಲಿಲ್ಲ. ನಂಜು ಇನ್ನೊಂದು ಕಣ್ಣಿಗೂ ಹರಡಿತು. ಐದು ವರ್ಷ ಆಗುವಷ್ಟರಲ್ಲಿ ಎರಡೂ ಕಣ್ಣು ಹೋದವು.

ಆದರೆ ತಂದೆ ತಾಯಿ ಅವನನ್ನು ಮೂಲೆಯಲ್ಲಿ ಕೂರಿಸಲಿಲ್ಲ. ತಂದೆ ಕೋಲು ಮಾಡಿಕೊಟ್ಟರು. ಅದನ್ನು ಹಿಡಿದು ಲೂಯಿ ಊರೆಲ್ಲಾ ತಿರುಗಿದ. ಊರಿನ ಶಾಲೆಗೇ ಕಳಿಸಿದರು. ಬೇರೆ ಮಕ್ಕಳ ಜೊತೆ ಕೂತು, ಬರೀ ಕಿವಿಯಿಂದ ಕೇಳಿಯೇ ಪಾಠ ಕಲಿತ. ಜಾಣನೂ ಆದ. ಆದರೆ ಉಳಿದವರು ಪುಸ್ತಕ ತೆರೆದ ಕೂಡಲೇ ಅವನು ಸುಮ್ಮನೆ ಕೂರಬೇಕಾಗಿತ್ತು.

1819ರಲ್ಲಿ, ಹತ್ತು ವರ್ಷದವನಾಗಿದ್ದಾಗ, ಅವನಿಗೆ ಪ್ಯಾರಿಸ್‌ನ ಅಂಧ ಮಕ್ಕಳ ಶಾಲೆಯಲ್ಲಿ ಜಾಗ ಸಿಕ್ಕಿತು. ಈ ಶಾಲೆಯನ್ನು ಶುರು ಮಾಡಿದವರು ವಲಾಂತೈನ್ ಆಯುಯಿ ಎಂಬ ಒಳ್ಳೆಯ ಮನುಷ್ಯರು. ಕಾಗದದ ಮೇಲೆ ದೊಡ್ಡ ದೊಡ್ಡ ಅಕ್ಷರಗಳನ್ನು ಉಬ್ಬಿಸಿ ಅವರು ಪುಸ್ತಕ ಮಾಡಿಸಿದ್ದರು. ಮಕ್ಕಳು ಒಂದೊಂದು ಅಕ್ಷರದ ಗೆರೆಯನ್ನೂ ಬೆರಳಿನಿಂದ ಸುತ್ತಿ ಸುತ್ತಿ ಗುರುತು ಹಿಡಿಯಬೇಕಿತ್ತು. ಒಂದು ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತು ಅಂತಲೇ ಮರೆತುಹೋಗೋದು. ಪುಸ್ತಕಗಳು ಬಹಳ ಭಾರ, ಸಂಖ್ಯೆಯೂ ಕಡಿಮೆ. ಇನ್ನೂ ದೊಡ್ಡ ತೊಂದರೆ ಏನೆಂದರೆ, ಮಕ್ಕಳು ತಾವೇ ಹಾಗೆ ಬರೆಯೋಕೆ ಆಗ್ತಿರಲಿಲ್ಲ.

1821ರಲ್ಲಿ ಬಾರ್ಬಿಯೆ ಎಂಬ ಮಾಜಿ ಸೇನಾಧಿಕಾರಿಯ ಚುಕ್ಕೆ ಬರಹ ಆ ಶಾಲೆಗೆ ಬಂತು. ಅಕ್ಷರದ ಬದಲು ಉಬ್ಬಿದ ಚುಕ್ಕೆಗಳು. ಇದು ಬಹಳ ಒಳ್ಳೆಯ ಉಪಾಯ. ಗೆರೆಗಿಂತ ಚುಕ್ಕೆ ಬೆರಳಿಗೆ ಬೇಗ ತಿಳಿಯುತ್ತೆ. ಆದರೆ ಒಂದೊಂದು ಗುರುತಿಗೆ ಹನ್ನೆರಡರವರೆಗೂ ಚುಕ್ಕೆ ಇರುತ್ತಿದ್ದವು. ಅಷ್ಟು ಉದ್ದಕ್ಕೆ ಬೆರಳ ತುದಿ ಸಾಲೋದಿಲ್ಲ. ಮೇಲೆ ಕೆಳಗೆ ಆಡಿಸಬೇಕು. ಅಲ್ಲದೆ ಅದರಲ್ಲಿ ಬರೀ ಉಚ್ಚಾರಣೆ ಬರುತ್ತಿತ್ತೇ ಹೊರತು ಕಾಗುಣಿತ ಇರಲಿಲ್ಲ. ಅಂಕಿ, ಪೂರ್ಣವಿರಾಮ ಏನೂ ಇರಲಿಲ್ಲ.

ಆಗ ಲೂಯಿಗೆ ಹನ್ನೆರಡು ವರ್ಷ. ಅಂದರೆ ನನ್ನಷ್ಟೇ! ಅವನು ಚುಕ್ಕೆಗಳನ್ನು ಬಿಡಲಿಲ್ಲ, ಆದರೆ ಕಡಿಮೆ ಮಾಡೋಕೆ ಹೊರಟ. ಶಾಲೆಯ ಪಾಠ ಮುಗಿದ ಮೇಲೆ, ರಜೆಯಲ್ಲಿ ಊರಿಗೆ ಹೋದಾಗ, ಚುಚ್ಚಿ ಮುಟ್ಟಿ, ಮತ್ತೆ ಚುಚ್ಚಿ ಮುಟ್ಟಿ ನೋಡಿದ. 1824ರಲ್ಲಿ ಕೆಲಸ ಮುಗಿಯಿತು. ಆಗ ಅವನಿಗೆ ಹದಿನೈದು ವರ್ಷ. ಹನ್ನೆರಡು ಚುಕ್ಕೆ ಹೋಗಿ ಆರೇ ಚುಕ್ಕೆ ಉಳಿದವು. ಎಡಕ್ಕೆ ಮೂರು, ಬಲಕ್ಕೆ ಮೂರು. ಅಷ್ಟೂ ಒಂದು ಬೆರಳ ತುದಿಯ ಕೆಳಗೆ ಕೂರುತ್ತವೆ. ಒಂದು ಸಲ ಮುಟ್ಟಿದರೆ ಒಂದು ಅಕ್ಷರ. ಆರು ಚುಕ್ಕೆಯಲ್ಲಿ ಕೆಲವನ್ನು ಇಟ್ಟು ಕೆಲವನ್ನು ಬಿಟ್ಟರೆ 63 ಬೇರೆ ಬೇರೆ ಗುರುತು ಆಗುತ್ತವೆ. (ಬೇಕಾದರೆ ಲೆಕ್ಕ ಮಾಡಿ ನೋಡಿ.) ಅಕ್ಷರ, ಅಂಕಿ, ವಿರಾಮ ಚಿಹ್ನೆ, ಸಂಗೀತದ ಸ್ವರ ಎಲ್ಲಕ್ಕೂ ಅಷ್ಟು ಸಾಕು. ಬರೆಯೋದಕ್ಕೆ ಒಂದು ಪಟ್ಟಿ ಮತ್ತು ಒಂದು ಚೂಪಾದ ಕಡ್ಡಿ ಇದ್ದರಾಯಿತು. ಕಣ್ಣು ಕಳೆದಿದ್ದೂ ಅಂಥದ್ದೇ ಒಂದು ಚೂಪಾದ ಉಪಕರಣ ಅಲ್ಲವೇ?

ದೊಡ್ಡವರಿಗೆ ಇದು ಯಾಕೆ ಹೊಳೆಯಲಿಲ್ಲ ಎಂದು ನಾನು ಯೋಚನೆ ಮಾಡಿದೆ. ಅವರೆಲ್ಲ ಕಣ್ಣಿದ್ದವರು. ಕಣ್ಣಿಗೆ ಚೆನ್ನಾಗಿ ಕಾಣುವ ಅಕ್ಷರವನ್ನೇ ಬೆರಳಿಗೂ ಕೊಟ್ಟರು. ಹುಡುಗ ಮಾತ್ರ ಬೆರಳನ್ನೇ ಕೇಳಿದ. ಹಾಗಂತ ದೊಡ್ಡವರು ದಡ್ಡರು ಅಂತ ನಾನು ಹೇಳ್ತಿಲ್ಲ. ಚುಕ್ಕೆಯನ್ನು ಕೊಟ್ಟಿದ್ದು ದೊಡ್ಡವರೇ. ಲೂಯಿ ಬ್ರೈಲ್ 1829ರಲ್ಲಿ ತಮ್ಮ ಪುಸ್ತಕ ಹೊರತಂದಾಗ ಬಾರ್ಬಿಯೆ ಅವರಿಗೆ ಸಲ್ಲಬೇಕಾದ ಗೌರವ ಸಲ್ಲಿಸಿದ್ದಾರೆ.

ಮುಂದೆ ಅವರು ಅದೇ ಶಾಲೆಯಲ್ಲಿ ಶಿಕ್ಷಕರಾದರು. ಪ್ಯಾರಿಸ್‌ನ ಚರ್ಚುಗಳಲ್ಲಿ ಆರ್ಗನ್ ವಾದ್ಯ ನುಡಿಸುತ್ತಿದ್ದರು. ಆದರೆ 1840ರಲ್ಲಿ ಶಾಲೆಗೆ ಹೊಸ ಮುಖ್ಯಸ್ಥರು ಬಂದರು. ಕಣ್ಣಿದ್ದವರಿಗೂ ಓದಲು ಬರುವ ಅಕ್ಷರವೇ ಇರಲಿ ಎಂದು ಅವರು ಚುಕ್ಕೆ ಬರಹವನ್ನು ನಿಲ್ಲಿಸಿಬಿಟ್ಟರು. ಆಗ ಏನಾಯಿತು ಗೊತ್ತಾ? ಮಕ್ಕಳು ಗುಟ್ಟಾಗಿ ಬರೆದುಕೊಂಡರು. ದೊಡ್ಡ ಮಕ್ಕಳು ಚಿಕ್ಕ ಮಕ್ಕಳಿಗೆ ಕಲಿಸಿದರು. ಕೊನೆಗೆ ಮುಖ್ಯಸ್ಥರೇ ಒಪ್ಪಿಕೊಂಡರು. 1844ರಲ್ಲಿ ಶಾಲೆಯ ಹೊಸ ಕಟ್ಟಡದ ಪ್ರಾರಂಭದಲ್ಲಿ ಎಲ್ಲರ ಮುಂದೆ ಮಕ್ಕಳು ಚುಕ್ಕೆ ಮುಟ್ಟಿ ಓದಿ ತೋರಿಸಿದರು. ಅದನ್ನು ಉಳಿಸಿದ್ದು ಮಕ್ಕಳೇ ಅಂತ ನನಗೆ ಅನ್ನಿಸುತ್ತೆ.

ಲೂಯಿ ಬ್ರೈಲ್ ಅವರಿಗೆ ಕ್ಷಯರೋಗ ಇತ್ತು. 1852ನೇ ಜನವರಿ 6ರಂದು ತೀರಿಕೊಂಡರು. 43 ತುಂಬಿ ಎರಡೇ ದಿನ ಆಗಿತ್ತು. ಫ್ರಾನ್ಸ್ ಸರ್ಕಾರ ಅವರ ಲಿಪಿಯನ್ನು ಒಪ್ಪಿಕೊಂಡಿದ್ದು ಅದಾದ ಎರಡು ವರ್ಷಕ್ಕೆ, 1854ರಲ್ಲಿ. ನೂರು ವರ್ಷದ ನಂತರ, 1952ರಲ್ಲಿ, ಅವರ ದೇಹವನ್ನು ಪ್ಯಾರಿಸ್‌ನಲ್ಲಿ ಮಹಾಪುರುಷರನ್ನು ಇಡುವ ಪ್ಯಾಂಥಿಯನ್‌ಗೆ ಒಯ್ದರು. ಕೈಗಳನ್ನು ಮಾತ್ರ ಅವರ ಹಳ್ಳಿಯಲ್ಲೇ ಉಳಿಸಿಕೊಂಡರು. ನಮ್ಮ ದೇಶದಲ್ಲಿ 1951ರಲ್ಲಿ ಎಲ್ಲಾ ಭಾಷೆಗಳಿಗೂ ಸೇರಿ ಭಾರತಿ ಬ್ರೈಲ್ ಬಂತು. ಕನ್ನಡವನ್ನೂ ಅದೇ ಆರು ಚುಕ್ಕೆಯಲ್ಲಿ ಬರೆಯುತ್ತಾರೆ.

ಈಗ ನನ್ನ ಇನ್ನೊಂದು ಕಾರಣ. ನಮ್ಮ ದೊಡ್ಡಪ್ಪನ ಮಗನಿಗೆ ಆರು ವರ್ಷ. ಹುಟ್ಟಿದಾಗಿಂದ ಕಣ್ಣು ಕಾಣಲ್ಲ. ಹೆಜ್ಜೆ ಸಪ್ಪಳದಲ್ಲೇ ಯಾರು ಬಂದರು ಅಂತ ಹೇಳ್ತಾನೆ. ಆದರೆ ಶಾಲೆಗೆ ಬರಲ್ಲ. ಓದೋಕೆ ಆಗಲ್ಲ, ಸುಮ್ಮನೆ ಯಾಕೆ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಪುಸ್ತಕ ಓದಿದ ಮೇಲೆ ಹಳೇ ಲಗ್ನಪತ್ರಿಕೆಯ ದಪ್ಪ ಕಾಗದ ತಗೊಂಡು ಅಜ್ಜಿಯ ಸೂಜಿಯಿಂದ ಕಮಲ ಎಂದು ಚುಚ್ಚಿದೆ. ಎಡಸಾಲಿಗೆ ಮೇಲಿಂದ 1, 2, 3. ಬಲಸಾಲಿಗೆ 4, 5, 6 ಎಂದು ಲೆಕ್ಕ. ಕ ಅಂದರೆ 1 ಮತ್ತು 3. ಮ ಅಂದರೆ 1, 3, 4. ಲ ಅಂದರೆ 1, 2, 3. ಮೊದಲ ಸಲ ಎಲ್ಲಾ ತಿರುವುಮುರುವು ಆಯಿತು. ಯಾಕೆಂದರೆ ಚುಕ್ಕೆ ಉಬ್ಬೋದು ಕಾಗದದ ಹಿಂದಿನ ಬದಿಗೆ. ಅದಕ್ಕೇ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಾಣುವ ಹಾಗೆ ಚುಚ್ಚಬೇಕು.

ಎರಡನೇ ಚೀಟಿಯನ್ನು ತಮ್ಮನ ಕೈಗೆ ಕೊಟ್ಟೆ. ಒಂದೊಂದೇ ಅಕ್ಷರ ಹೇಳಿಕೊಟ್ಟೆ. ಆಮೇಲೆ ಮೂರನ್ನೂ ಕತ್ತರಿಸಿ ಬೇರೆ ಬೇರೆ ಮಾಡಿ ಕೊಟ್ಟೆ. ಪ್ರತಿಸಲವೂ ಸರಿ ಹೇಳಿದ. ನಾನು ಕಣ್ಣು ಮುಚ್ಚಿ ಮುಟ್ಟಿದರೆ ಬರೀ ಒರಟು ಕಾಗದ ಅನ್ನಿಸಿತು. ಅಪ್ಪನ ಬೆರಳು ಹಾರೆ ಹಿಡಿದು ಕಾಯಿಕಟ್ಟಿದೆ, ಅವರಿಗೆ ಏನೂ ತಿಳಿಯಲಿಲ್ಲ. ದೊಡ್ಡಪ್ಪ ಮೂರು ಸಲ ಚೀಟಿ ಬದಲಾಯಿಸಿ ಕೊಟ್ಟು ಪರೀಕ್ಷೆ ಮಾಡಿದರು. ಮೂರು ಸಲವೂ ಅವನೇ ಗೆದ್ದ. ದೊಡ್ಡಪ್ಪ ಏನೂ ಮಾತಾಡಲಿಲ್ಲ. ಚೀಟಿಗಳನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡರು. ಮಾರನೇ ದಿನ ಶಾಲೆಗೆ ಬಂದು, ಇಂಥ ಮಕ್ಕಳನ್ನು ಎಲ್ಲಿ ಸೇರಿಸಬೇಕು, ಏನೇನು ಕಾಗದ ಪತ್ರ ಬೇಕು ಎಂದು ಗುರುಗಳ ಹತ್ತಿರ ಕೇಳಿಕೊಂಡು ಹೋದರು. ಇನ್ನೂ ಸೇರಿಸಿಲ್ಲ. ಆದರೆ ಓದೋಕೆ ಆಗಲ್ಲ ಅನ್ನೋ ಮಾತನ್ನು ಈಗ ಮನೆಯಲ್ಲಿ ಯಾರೂ ಆಡಲ್ಲ.

ಗೆಳೆಯರೇ, ಈ ಹಾಳೆಯ ಕೆಳಗೆ ಕಮಲ ಎಂದು ಚುಚ್ಚಿದ ಚೀಟಿ ಅಂಟಿಸಿದ್ದೇನೆ. ಕಣ್ಣು ಮುಚ್ಚಿ, ಕೈ ತೊಳೆದುಕೊಂಡು, ಮೆಲ್ಲಗೆ ಮುಟ್ಟಿ ನೋಡಿ. ಒತ್ತಿದರೆ ಚುಕ್ಕೆ ಅಳಿಸಿಹೋಗುತ್ತೆ. ಆಮೇಲೆ ಬರುವವರಿಗೂ ಉಳಿಯಲಿ.


7ನೇ ತರಗತಿಯ ವಿದ್ಯಾರ್ಥಿನಿ