ಮಾತ್ರೆ ಗೊತ್ತು, ಸುಬ್ಬರಾವ್ ಗೊತ್ತಾ?

ಆನೆಕಾಲು ರೋಗದ ಮಾತ್ರೆ ಹಿಡಿದು ಆರೋಗ್ಯ ಕಾರ್ಯಕರ್ತೆಯರು ಬಂದರೆ ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ಏನಾಗುತ್ತೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಇಟ್ಟು ಹೋಗ್ರಿ, ಉಂಡ ಮ್ಯಾಲ ತಗೋತೀವಿ ಅಂತಾರೆ. ಮಾತ್ರೆ ಗೋಡೆಯ ಗೂಡು ಸೇರುತ್ತದೆ. ಅದಕ್ಕೇ ಕಣ್ಣೆದುರೇ ನುಂಗಿಸಬೇಕು ಎಂಬ ನಿಯಮ ಬಂದಿರುವುದು. ಕೃಷ್ಣೆಯ ದಡದ ತಿಂಥಣಿಯೂ ಇದಕ್ಕೆ ಹೊರತಲ್ಲ. ಆ ಮಾತ್ರೆಗಳಲ್ಲಿ ಒಂದರ ಹೆಸರು ಡಿಇಸಿ, ಅಂದರೆ ಡೈಈಥೈಲ್‌ಕಾರ್ಬಮಜೀನ್. ಅದರ ಹಿಂದಿರುವ ಮನುಷ್ಯನ ಕಥೆ ಹೇಳಬೇಕು ಅನ್ನಿಸಿದೆ. ಯಾಕೆಂದರೆ, ನಮ್ಮ ಜೀವಕೋಶಗಳು ಶಕ್ತಿಯನ್ನು ಹೇಗೆ ಖರ್ಚು ಮಾಡುತ್ತವೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲೂ ಅವನೊಬ್ಬ.

ಯೆಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು 1895ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ಭೀಮಾವರಂನಲ್ಲಿ. ಬಡತನದ ಮನೆ. ಮೆಟ್ರಿಕ್ ಪಾಸಾಗಿದ್ದು ಮೂರನೇ ಪ್ರಯತ್ನಕ್ಕೆ. ಸನ್ಯಾಸಿ ಆಗ್ತೀನಿ ಅಂತ ರಾಮಕೃಷ್ಣ ಮಿಷನ್ ಕಡೆ ಹೊರಟವನನ್ನು ತಾಯಿ ತಡೆದಳು. ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದ. ಗಾಂಧಿಯ ಕರೆಗೆ ಓಗೊಟ್ಟು ಖಾದಿ ತೊಟ್ಟು ಶಸ್ತ್ರಚಿಕಿತ್ಸಾ ಕೋಣೆಗೆ ಹೋದದ್ದು ಬ್ರಿಟಿಷ್ ಪ್ರೊಫೆಸರಿಗೆ ಹಿಡಿಸಲಿಲ್ಲ. ಕೊನೆಗೆ ಸಿಕ್ಕಿದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್. ಈ ನಡುವೆ ಇಬ್ಬರು ಸಹೋದರರನ್ನು ಸ್ಪ್ರೂ ಎಂಬ ಕರುಳಿನ ಕಾಯಿಲೆ ಬಲಿ ತೆಗೆದುಕೊಂಡಿತು. ಅವನಿಗೂ ಅದೇ ಬಂದು, ಆಯುರ್ವೇದ ಚಿಕಿತ್ಸೆಯಿಂದ ಉಳಿದುಕೊಂಡ.

1920ರ ದಶಕದ ಆರಂಭದಲ್ಲಿ ಹೆಂಡತಿಯನ್ನು ಊರಲ್ಲಿ ಬಿಟ್ಟು ಬಾಸ್ಟನ್‌ಗೆ ಹಡಗು ಹತ್ತಿದ. ಮತ್ತೆ ಬರಲೇ ಇಲ್ಲ. ಹುಟ್ಟಿದ ಮಗ ಕೂಸಿದ್ದಾಗಲೇ ತೀರಿಕೊಂಡ. ಆ ಮುಖವನ್ನೂ ಅವನು ನೋಡಲಿಲ್ಲ. ಇದನ್ನು ತ್ಯಾಗ ಅಂತ ಕರೆದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಬೆಲೆ ತೆತ್ತವಳು ಆ ಹೆಂಡತಿ.

ಅಲ್ಲಿ ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಚಾಕರಿ, ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವುದೂ ಸೇರಿ. ಹಗಲು ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ಕೆಲಸ. ರಕ್ತ, ಮೂತ್ರದಲ್ಲಿನ ರಂಜಕವನ್ನು ಅಳೆಯಲು 1925ರಲ್ಲಿ ಇಬ್ಬರೂ ಪ್ರಕಟಿಸಿದ ವಿಧಾನ ಇವತ್ತಿಗೂ ಅವರಿಬ್ಬರ ಹೆಸರಲ್ಲೇ ಇದೆ. ಅದನ್ನು ಸ್ನಾಯುವಿಗೆ ಹಚ್ಚಿ ನೋಡಿದಾಗ 1927ರಲ್ಲಿ ಫಾಸ್ಫೋಕ್ರಿಯಾಟಿನ್ ಸಿಕ್ಕಿತು. 1929ರಲ್ಲಿ ಎಟಿಪಿ. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಸ್ವತಂತ್ರವಾಗಿ ಎಟಿಪಿ ಕಂಡುಹಿಡಿದ.

ಇದು ಯಾಕೆ ದೊಡ್ಡ ಮಾತು? ಇಂಜಿನಿಯರಿಂಗ್ ಓದಿದ ನನಗೆ ಹೀಗೆ ಅರ್ಥವಾಗುತ್ತದೆ. ಒಣ ಜೋಳಕ್ಕೆ ಬೆಂಕಿ ಹಚ್ಚಿದರೆ ಅದರ ಶಕ್ತಿಯೆಲ್ಲ ಒಮ್ಮೆಲೇ ಬಿಸಿಯಾಗಿ ಹೋಗುತ್ತೆ, ಕೆಲಸಕ್ಕೆ ಬರಲ್ಲ. ಅದೇ ಜೋಳದ ರೊಟ್ಟಿ ತಿಂದರೆ ಪಿಷ್ಟ ಗ್ಲೂಕೋಸ್ ಆಗಿ ಕೋಶ ಸೇರುತ್ತದೆ. ಅಲ್ಲಿ ಹತ್ತಾರು ಮೆಟ್ಟಿಲುಗಳಲ್ಲಿ, ಉಸಿರಾಡಿದ ಆಮ್ಲಜನಕದ ನೆರವಿನಿಂದ, ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಬಿಡುಗಡೆಯಾದ ಶಕ್ತಿಯ ಒಂದು ಪಾಲು ಎಟಿಪಿ ಎಂಬ ಚಿಲ್ಲರೆಯಾಗುತ್ತದೆ. ಒಂದು ಗ್ಲೂಕೋಸ್‌ಗೆ ಸುಮಾರು 30. ಸ್ನಾಯು ಎಳೆಯಲಿ, ನರ ಮಿಡಿಯಲಿ, ಈ ಚಿಲ್ಲರೆ ಕೊಟ್ಟೇ ವ್ಯವಹಾರ. ಒಂದು ಫಾಸ್ಫೇಟ್ ಕಳಚಿದರೆ ಖರ್ಚು, ಮತ್ತೆ ಅಂಟಿಸಿದರೆ ಜಮೆ. ಯಾವ ಕ್ಷಣ ನೋಡಿದರೂ ದೇಹದಲ್ಲಿ ಇರೋದು ಕೆಲವೇ ಗ್ರಾಂಗಳಿಂದ ಒಂದೆರಡು ನೂರು ಗ್ರಾಂನಷ್ಟು ಎಟಿಪಿ. ಆದರೆ ಅದನ್ನೇ ತಿರುಗಿಸಿ ತಿರುಗಿಸಿ ದಿನಕ್ಕೆ ಹೆಚ್ಚೂಕಡಿಮೆ ನಮ್ಮ ಮೈತೂಕದಷ್ಟು ಬಳಸುತ್ತೇವೆ. ತಿಂಥಣಿ ಮೌನೇಶ್ವರರ ಜಾತ್ರೆಗೆ ನಡೆದು ಬರುವ ಭಕ್ತರ ಪ್ರತಿ ಹೆಜ್ಜೆಯಲ್ಲೂ ನಡೆಯುವುದು ಇದೇ ಲೆಕ್ಕ.

ಇಷ್ಟಾದರೂ ಹಾರ್ವರ್ಡ್ ಅವನಿಗೆ ಕಾಯಂ ಹುದ್ದೆ ಕೊಡಲಿಲ್ಲ. ಅವನ ಎಷ್ಟೋ ಕೆಲಸ ಬೆಳಕಿಗೆ ಬರದಂತೆ ಫಿಸ್ಕ್ ತಡೆದರು, ಅವನ್ನು ಬೇರೆಯವರು ವರ್ಷಗಳ ನಂತರ ಮತ್ತೆ ಕಂಡುಹಿಡಿಯಬೇಕಾಯಿತು ಅಂತ ಅಲ್ಲೇ ಇದ್ದ, ಮುಂದೆ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ದೂರಿದ್ದುಂಟು. ಸುಬ್ಬರಾವ್ ಮಾತ್ರ ಪಾಲು ಕೇಳಿ ಜಗಳಕ್ಕೆ ನಿಲ್ಲಲಿಲ್ಲ.

1940ರಲ್ಲಿ ನ್ಯೂಯಾರ್ಕ್ ರಾಜ್ಯದ ಲೆಡರ್ಲೆ ಕಂಪನಿ ಸೇರಿದ. ಬರೀ ಎಂಟು ವರ್ಷ ಸಿಕ್ಕಿತು. 1945ರಲ್ಲಿ ಅವನ ತಂಡ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. ಸಹೋದರರನ್ನು ಕೊಂದ ಸ್ಪ್ರೂಗೆ ಅದೇ ಔಷಧವಾಯಿತು. ಇವತ್ತು ನಮ್ಮ ಗರ್ಭಿಣಿಯರಿಗೆ ಕಬ್ಬಿಣಾಂಶದ ಜೊತೆ ಕೊಡುವುದೂ ಅದನ್ನೇ. ಫೋಲಿಕ್ ಆಮ್ಲಕ್ಕೆ ಅಡ್ಡಗಾಲು ಹಾಕುವ ಅಮಿನಾಪ್ಟೆರಿನ್ ಅನ್ನು ಅವನ ತಂಡದಿಂದ ಪಡೆದ ಸಿಡ್ನಿ ಫಾರ್ಬರ್, ರಕ್ತ ಕ್ಯಾನ್ಸರ್ ಇದ್ದ ಮಕ್ಕಳಲ್ಲಿ ಮೊದಲ ಬಾರಿ ರೋಗ ತಾತ್ಕಾಲಿಕವಾಗಿ ಇಳಿಯುವುದನ್ನು ಕಂಡರು. 1947ರಲ್ಲಿ ಡಿಇಸಿ ಬಂತು. 1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ, ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡ.

ಈಗ ಯಾದಗಿರಿಗೆ ಬನ್ನಿ. ಚರಂಡಿ ನೀರಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಹರಡುವ ಆನೆಕಾಲು ರೋಗ ಬೇರೂರಿದ ಜಿಲ್ಲೆಗಳಲ್ಲಿ ಇದೂ ಒಂದು. ಐವರ್ಮೆಕ್ಟಿನ್, ಡಿಇಸಿ, ಆಲ್ಬೆಂಡಜೋಲ್ ಮೂರನ್ನೂ ಒಟ್ಟಿಗೆ ಕೊಡುವ ಕ್ರಮಕ್ಕೆ ದೇಶದಲ್ಲಿ ಮೊದಲು ಆರಿಸಿಕೊಂಡ ಕೆಲವೇ ಜಿಲ್ಲೆಗಳಲ್ಲೂ ಯಾದಗಿರಿ ಇತ್ತು. ಇಲ್ಲಿ ಅದು ಶುರುವಾಗಿದ್ದು 2019ರಲ್ಲಿ. ಮಾತ್ರೆ ನುಂಗಿದ ಮೇಲೆ ಕೆಲವರಿಗೆ ಜ್ವರ, ತಲೆನೋವು ಬರುತ್ತೆ. ಹೆಚ್ಚಾಗಿ ಅದು ರಕ್ತದಲ್ಲಿರುವ ಮರಿಹುಳಗಳು ಸಾಯುತ್ತಿರುವ ಗುರುತು. ಅಂದರೆ ಮಾತ್ರೆಯ ಅಗತ್ಯ ನಿಜವಾಗಿ ಇದ್ದವರಿಗೇ ಅದರ ಕಾಟ ಜಾಸ್ತಿ. ಈ ಮಾತನ್ನು ಯಾರೂ ಬಿಡಿಸಿ ಹೇಳಲ್ಲ. ಹಾಗಾಗಿ ಒಬ್ಬರಿಗೆ ಜ್ವರ ಬಂದರೆ ಓಣಿಯೇ ಬಾಗಿಲು ಹಾಕಿಕೊಳ್ಳುತ್ತದೆ. ಗರ್ಭಿಣಿಯರು, ಎರಡು ವರ್ಷದೊಳಗಿನ ಮಕ್ಕಳು, ತೀವ್ರ ಕಾಯಿಲೆ ಇರುವವರಿಗೆ ಈ ಮಾತ್ರೆ ಕೊಡಲ್ಲ. ಉಳಿದವರಲ್ಲಿ ಹೆಚ್ಚಿನವರು ನುಂಗದೇ ಹೋದರೆ ಸೊಳ್ಳೆಗೆ ಹುಳ ಸಿಗುತ್ತಲೇ ಇರುತ್ತದೆ.

ಆದೇಶ ಕೊಟ್ಟರೆ ಭಯ ಹೋಗಲ್ಲ. ಕಾರಣ ಹೇಳಬೇಕು, ಕಥೆ ಹೇಳಬೇಕು. 1995ರಲ್ಲಿ ಸರ್ಕಾರ ಸುಬ್ಬರಾವ್ ಹೆಸರಲ್ಲಿ ಅಂಚೆಚೀಟಿ ತಂದಿತು. ಅದಕ್ಕಿಂತ ಹೆಚ್ಚಿನ ಕೆಲಸ ಮಾಡಬಲ್ಲವರು ಸುರಪುರ, ಶಹಾಪುರದ ಶಾಲಾ ಮೇಷ್ಟ್ರುಗಳು. ಉಸಿರಾಟದ ಪಾಠದಲ್ಲಿ ಎಟಿಪಿ ಎಂಬ ಮೂರಕ್ಷರ ಬರೆಸುವ ದಿನ ಈ ಮನುಷ್ಯನ ಹೆಸರನ್ನೂ, ಅವನ ಕೆಲಸದಿಂದ ಬಂದ ಮಾತ್ರೆಯನ್ನೂ ಹೇಳಲಿ. ಸಂಜೆ ಮನೆಗೆ ಹೋದ ಹುಡುಗಿ ಗೂಡಿನಲ್ಲಿರುವ ಮಾತ್ರೆ ಬಗ್ಗೆ ಅಪ್ಪನನ್ನು ಕೇಳಿಯೇ ಕೇಳುತ್ತಾಳೆ.