ಬಣ್ಣವನ್ನು ಬಿಡಿಸಿದ ಮಿಖಾಯಿಲ್ ತ್ಸ್ವೆತ್

ಒಂದು ಎಲೆಯನ್ನು ತೋರಿಸಿ ಅದರ ಬಣ್ಣವೇನೆಂದು ಕೇಳಿದರೆ ಹಸಿರೆಂದು ಎಳೆಯ ಮಗುವೂ ಹೇಳುತ್ತದೆ. ಆದರೆ ಆ ಹಸಿರಿನೊಳಗೆ ಎಷ್ಟು ಬಣ್ಣಗಳು ಅಡಗಿವೆ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಈ ಪ್ರಶ್ನೆಯ ಬೆನ್ನು ಹತ್ತಿ ಹೋಗಿ, ಇಂದು ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಬಳಕೆಯಲ್ಲಿರುವ ಕ್ರೊಮಟೊಗ್ರಫಿ ಎಂಬ ವಿಧಾನವನ್ನು ಕಂಡುಹಿಡಿದವನು ಮಿಖಾಯಿಲ್ ತ್ಸ್ವೆತ್. ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಎಂದರೆ ಬಣ್ಣ. ಹೆಸರಿಗೆ ತಕ್ಕ ಬಾಳು ಅವನದಾಯಿತು. ಬಾಳಿಗೆ ತಕ್ಕ ಹೆಸರು ಮಾತ್ರ ಅವನು ಬದುಕಿರುವಾಗ ಬರಲಿಲ್ಲ.

ಅವನು ಹುಟ್ಟಿದ್ದು 1872ರ ಮೇ 14ರಂದು, ಇಟಲಿಯ ಆಸ್ತಿ ಎಂಬ ಊರಿನಲ್ಲಿ. ತಂದೆ ರಷ್ಯದವನು, ತಾಯಿ ಇಟಲಿಯವಳು. ಮಗು ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ತಾಯಿ ತೀರಿಕೊಂಡಳು. ಬಾಲಕ ಸ್ವಿಟ್ಜರ್ಲೆಂಡಿನಲ್ಲಿ ಬೆಳೆದು, ಜಿನೀವಾ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರವನ್ನು ಓದಿ, 1896ರಲ್ಲಿ ಡಾಕ್ಟರೇಟ್ ಪಡೆದನು. ಅದೇ ವರ್ಷ ತಂದೆಯ ನಾಡಾದ ರಷ್ಯಕ್ಕೆ ಬಂದಾಗ ಮೊದಲ ಪೆಟ್ಟು ಬಿದ್ದಿತು. ಜಿನೀವಾದ ಪದವಿಗೆ ಅಲ್ಲಿ ಮಾನ್ಯತೆಯಿರಲಿಲ್ಲ. ಡಾಕ್ಟರನಾದವನು ಮತ್ತೆ ವಿದ್ಯಾರ್ಥಿಯಾಗಬೇಕಾಯಿತು. 1901ರಲ್ಲಿ ಕಜಾನಿನಲ್ಲಿ ಮಾಸ್ಟರ್ ಪದವಿಯನ್ನು ಪಡೆದು, ಆಗ ರಷ್ಯದ ಆಳ್ವಿಕೆಯಲ್ಲಿದ್ದ ವಾರ್ಸಾ ನಗರದಲ್ಲಿ ಕೆಲಸಕ್ಕೆ ಸೇರಿದನು.

ಎಲೆಯ ಬಣ್ಣವನ್ನು ಹೊರಗೆ ತೆಗೆಯುವಾಗ ಒಂದು ವಿಚಿತ್ರ ಅವನ ಕಣ್ಣಿಗೆ ಬಿದ್ದಿತು. ಅರೆದ ಎಲೆಯ ಮೇಲೆ ಪೆಟ್ರೋಲಿಯಂ ಈಥರ್ ಸುರಿದರೆ ಹಳದಿಯ ಕ್ಯಾರೊಟೀನ್ ಸುಲಭವಾಗಿ ಇಳಿದುಬರುತ್ತಿತ್ತು, ಹಸಿರು ಬರುತ್ತಿರಲಿಲ್ಲ. ಕೊಂಚ ಮದ್ಯಸಾರ ಬೆರೆಸಿದೊಡನೆ ಹಸಿರೂ ಹೊರಬರುತ್ತಿತ್ತು. ಪತ್ರಹರಿತ್ತು ಆ ದ್ರವದಲ್ಲಿ ಕರಗದೆ ಉಳಿಯುವುದಲ್ಲ, ಎಲೆಯ ಅಂಗಾಂಶವೇ ಅದನ್ನು ತನ್ನ ಮೈಗೆ ಅಂಟಿಸಿಕೊಂಡು ಹಿಡಿದಿರುತ್ತದೆ ಎಂದು ಅವನು ಊಹಿಸಿದನು. ಹಾಗಿದ್ದರೆ ಬೇರೆ ಬೇರೆ ಬಣ್ಣಗಳನ್ನು ಬೇರೆ ಬೇರೆ ಬಲದಿಂದ ಹಿಡಿಯುವ ಪುಡಿಯೊಂದರ ಮೂಲಕ ಅವುಗಳನ್ನು ಏಕೆ ಹರಿಸಬಾರದು? ಈ ಸರಳವಾದ ಪ್ರಶ್ನೆಯೇ ಹೊಸ ವಿಧಾನದ ಬೀಜ.

ನೂರಕ್ಕೂ ಹೆಚ್ಚು ಪುಡಿಗಳನ್ನು ಪರೀಕ್ಷಿಸಿ, 1903ರಲ್ಲಿ ವಾರ್ಸಾದ ವಿದ್ವತ್ಸಭೆಯಲ್ಲಿ ತನ್ನ ಕೆಲಸವನ್ನು ವಿವರಿಸಿದನು. 1906ರಲ್ಲಿ ಜರ್ಮನ್ ಸಸ್ಯಶಾಸ್ತ್ರ ಪತ್ರಿಕೆಯಲ್ಲಿ ಎರಡು ಲೇಖನಗಳನ್ನು ಪ್ರಕಟಿಸಿ, ವಿಧಾನಕ್ಕೆ ಕ್ರೊಮಟೊಗ್ರಫಿ ಎಂದು ಹೆಸರಿಟ್ಟನು. ಗ್ರೀಕ್ ಮೂಲದ ಈ ಪದಕ್ಕೆ ಬಣ್ಣದ ಬರಹ ಎಂದರ್ಥ. ಗಾಜಿನ ಕೊಳವೆಯೊಳಗೆ ನುಣ್ಣನೆಯ ಸೀಮೆಸುಣ್ಣದ ಪುಡಿಯನ್ನು ಬಿಗಿಯಾಗಿ ತುಂಬಿ, ಎಲೆಯ ರಸವನ್ನು ಮೇಲಿನಿಂದ ಬಿಟ್ಟು, ಬಳಿಕ ಶುದ್ಧ ದ್ರವವನ್ನು ಹರಿಸಿದರೆ ಬಿಳಿಯ ಕಂಬದಲ್ಲಿ ಪಟ್ಟೆಗಳು ಮೂಡುತ್ತಿದ್ದವು. ಹಳದಿಯ ಪಟ್ಟೆಗಳು ಹಲವು, ಹಸಿರಿನವು ಎರಡು: ಒಂದು ನೀಲಿ ಮಿಶ್ರಿತ, ಇನ್ನೊಂದು ಹಳದಿ ಮಿಶ್ರಿತ. ಕಂಬವನ್ನು ಹೊರತಳ್ಳಿ, ಪಟ್ಟೆ ಪಟ್ಟೆಯನ್ನೂ ಚೂರಿಯಿಂದ ಕತ್ತರಿಸಿ, ಬಣ್ಣವನ್ನು ತೊಳೆದು ತೆಗೆದು, ಅದು ಬೆಳಕಿನ ಯಾವ ಭಾಗವನ್ನು ನುಂಗುತ್ತದೆಂದು ವರ್ಣಪಟಲದರ್ಶಕದಲ್ಲಿ ನೋಡುತ್ತಿದ್ದನು. ಮನುಷ್ಯನಿಗೆ ಬೆರಳಚ್ಚು ಹೇಗೋ ವಸ್ತುವಿಗೆ ಅದರ ವರ್ಣಪಟಲ ಹಾಗೆ. ಆದರೆ ಹತ್ತು ಬೆರಳುಗಳ ಗುರುತು ಒಂದರ ಮೇಲೊಂದು ಬಿದ್ದಿದ್ದರೆ ಯಾರನ್ನು ಹಿಡಿಯುವುದು? ಮೊದಲು ಬಿಡಿಸು, ಆಮೇಲೆ ನೋಡು ಎಂಬುದೇ ತ್ಸ್ವೆತ್‌ನ ನೀತಿ.

ಅಂದಿನ ರಸಾಯನಶಾಸ್ತ್ರಜ್ಞರಿಗೆ ಇದು ರುಚಿಸಲಿಲ್ಲ. ವಸ್ತುವನ್ನು ಹೇರಳವಾಗಿ ತಯಾರಿಸಿ ಹರಳುಗಟ್ಟಿಸಿದರೆ ಮಾತ್ರ ಅದು ಶುದ್ಧವೆಂಬುದು ಅವರ ನಂಬಿಕೆ. ಕೊಳವೆಯಲ್ಲಿ ಮೂಡಿದ ಎಳೆಯಷ್ಟು ಬಣ್ಣವನ್ನು ತೋರಿಸುವ ಸಸ್ಯಶಾಸ್ತ್ರಜ್ಞನ ಮಾತಿಗೆ ಬೆಲೆ ಎಲ್ಲಿಯದು? ಪತ್ರಹರಿತ್ತಿನ ಸಂಶೋಧನೆಗಾಗಿ 1915ರ ನೊಬೆಲ್ ಪಾರಿತೋಷಕ ಪಡೆದ ರಿಚರ್ಡ್ ವಿಲ್‌ಸ್ಟೆಟರನು, ಪುಡಿಯೇ ಬಣ್ಣವನ್ನು ಕೆಡಿಸುತ್ತದೆಂದು ಆಕ್ಷೇಪಿಸಿದನು. ಆಕ್ಷೇಪಣೆ ಹುರುಳಿಲ್ಲದ್ದೇನಲ್ಲ, ತೀವ್ರವಾಗಿ ವರ್ತಿಸುವ ಪುಡಿಯನ್ನು ಬಳಸಿದರೆ ಹಾಗಾಗುವುದುಂಟು. ಅದಕ್ಕಾಗಿಯೇ ತ್ಸ್ವೆತ್ ಅಷ್ಟೊಂದು ಪುಡಿಗಳನ್ನು ಪರೀಕ್ಷಿಸಿದ್ದು. ಮದ್ಯಸಾರದಿಂದ ಪಡೆದ ಹಸಿರು ಹರಳುಗಳು ಎಲೆಯ ಸಹಜ ಬಣ್ಣವಲ್ಲ, ತಯಾರಿಕೆಯಲ್ಲಿ ಹುಟ್ಟಿದವು ಎಂದು ಅವನು ವಾದಿಸಿದ್ದು ಮುಂದೆ ನಿಜವಾಯಿತು. ಎರಡು ಬಗೆಯ ಪತ್ರಹರಿತ್ತುಗಳಿವೆಯೆಂಬುದನ್ನು ವಿಲ್‌ಸ್ಟೆಟರನ ಬಳಗವೂ ಒಪ್ಪಿತು.

1910ರಲ್ಲಿ ತ್ಸ್ವೆತ್ ತನ್ನ ಕೆಲಸವನ್ನೆಲ್ಲ ರಷ್ಯನ್ ಭಾಷೆಯ ಗ್ರಂಥವೊಂದರಲ್ಲಿ ಒಟ್ಟುಗೂಡಿಸಿದನು. ಆ ಭಾಷೆಯನ್ನು ಬಲ್ಲ ಓದುಗರು ಪಶ್ಚಿಮದಲ್ಲಿ ವಿರಳ. ಅಷ್ಟರಲ್ಲಿ ಮಹಾಯುದ್ಧ ಬಂದಿತು. 1915ರಲ್ಲಿ ಜರ್ಮನ್ ಸೈನ್ಯ ವಾರ್ಸಾವನ್ನು ಹಿಡಿದಾಗ ಪ್ರಯೋಗಶಾಲೆಯನ್ನು ಬಿಟ್ಟು ಹೊರಡಬೇಕಾಯಿತು. ಮಾಸ್ಕೋ, ನಿಜ್ನಿ ನೊವ್ಗೊರೊದ್ ಎಂದು ಅಲೆದು, 1917ರಲ್ಲಿ ಯೂರ್ಯೆವ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದನು. ಮರುವರ್ಷ ಅಲ್ಲಿಂದಲೂ ಎದ್ದು ವೊರೊನೆಜ್ ನಗರ ಸೇರಬೇಕಾಯಿತು. 1918ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಅವನ ಹೆಸರು ಸೂಚಿತವಾಗಿತ್ತು, ಆದರೆ ಅದು ದೊರೆಯಲಿಲ್ಲ. ಬಹುಕಾಲದಿಂದ ಕಾಡುತ್ತಿದ್ದ ರೋಗದಿಂದ 1919ರ ಜೂನ್ 26ರಂದು, ನಲವತ್ತೇಳನೆಯ ವಯಸ್ಸಿನಲ್ಲಿ ಅವನು ಕಣ್ಮುಚ್ಚಿದನು.

ಅವನ ಕೊಳವೆ ಮಾತ್ರ ಸಾಯಲಿಲ್ಲ. ಅಮೆರಿಕದಲ್ಲಿ ಲೆರಾಯ್ ಪಾಮರ್ ಎಂಬಾತನು ಬೆಣ್ಣೆಯ ಹಳದಿ ಬಣ್ಣವನ್ನು ತಿಳಿಯಲು ಅದನ್ನು ಬಳಸಿ, 1922ರ ತನ್ನ ಪುಸ್ತಕದಲ್ಲಿ ವಿವರಿಸಿದನು. ಅದನ್ನು ಓದಿದ ಎಡ್ಗರ್ ಲೆಡೆರರ್, ರಿಚರ್ಡ್ ಕೂನ್ ಮೊದಲಾದವರು 1931ರಲ್ಲಿ ಹೈಡೆಲ್‌ಬರ್ಗಿನಲ್ಲಿ ಕ್ಯಾರೊಟೀನಿನ ಬಗೆಗಳನ್ನು ಬಿಡಿಸಿ ತೋರಿಸಿದ ಮೇಲೆ ಲೋಕ ಎಚ್ಚೆತ್ತಿತು. 1952ರಲ್ಲಿ ಕ್ರೊಮಟೊಗ್ರಫಿಯ ಹೊಸ ಬಗೆಗಾಗಿ ಮಾರ್ಟಿನ್ ಮತ್ತು ಸಿಂಜ್ ಎಂಬ ಇಂಗ್ಲಿಷ್ ವಿಜ್ಞಾನಿಗಳಿಗೆ ನೊಬೆಲ್ ಬಂದಿತು.

ಇಂದು ಔಷಧಿಯ ಶುದ್ಧತೆಯನ್ನು ಪರೀಕ್ಷಿಸುವ ಯಂತ್ರದೊಳಗೂ ಇರುವುದು ಅದೇ ಕಂಬ. ಚೂರಿಯಿಲ್ಲ, ಕಂಬದಿಂದ ಇಳಿದುಬರುವ ದ್ರವದ ಮೂಲಕ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಹಾಯಿಸಿ, ಕ್ಷಣಕ್ಷಣದ ವರ್ಣಪಟಲವನ್ನು ಕಂಪ್ಯೂಟರ್ ಬರೆದಿಡುತ್ತದೆ. ಆದರೆ ವಸ್ತುವನ್ನು ಹೊತ್ತು ತರುವ ದ್ರವವೂ ಆ ಕಿರಣಗಳನ್ನು ಅಷ್ಟಿಷ್ಟು ನುಂಗುತ್ತದೆ. ದ್ರವದ ಮಿಶ್ರಣ ಬದಲಾದಂತೆ ಆ ನುಂಗುವಿಕೆಯೂ ಬದಲಾಗುತ್ತದೆ. ಆದುದರಿಂದ ವಸ್ತು ಬರುವ ಮೊದಲಿನ ಮತ್ತು ಹೋದ ನಂತರದ ವರ್ಣಪಟಲಗಳನ್ನು ನೋಡಿ, ನಡುವಿನ ಹಿನ್ನೆಲೆ ಎಷ್ಟಿರಬೇಕೆಂದು ಲೆಕ್ಕ ಹಾಕಿ, ಅದನ್ನು ಕಳೆಯಬೇಕು. ಉಳಿದದ್ದು ವಸ್ತುವಿನ ಸ್ವಂತ ಗುರುತು. ಈ ಲೆಕ್ಕದಲ್ಲಿ ವಿವೇಕ ಬೇಕು. ಪಕ್ಕದ ವಸ್ತುವಿನ ಬಾಲವನ್ನೇ ಹಿನ್ನೆಲೆಯೆಂದು ಬಗೆದು ಕಳೆದರೆ ಗುರುತು ವಿಕಾರವಾಗುತ್ತದೆ. ಔಷಧಿಯಲ್ಲಿ ಸೇರಿದ ಕಲ್ಮಷವೂ ಕಣ್ತಪ್ಪಬಹುದು. ಕಳೆಯದೆ ಬಿಟ್ಟರೆ ದ್ರವದ ಗುಣವೇ ವಸ್ತುವಿನದೆಂದು ತೋರುತ್ತದೆ.

ತ್ಸ್ವೆತ್ ಮತ್ತು ಅವನ ವಿರೋಧಿಗಳ ನಡುವೆ ನಡೆದ ವಾದವೂ ಮೂಲತಃ ಇದೇ: ಕಂಡ ಬಣ್ಣದಲ್ಲಿ ಎಲೆಯದೆಷ್ಟು, ನಾವು ಬಳಸಿದ ಸಾಧನದ್ದೆಷ್ಟು? ಮನುಷ್ಯನನ್ನು ಅಳೆಯುವಾಗಲೂ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು. ಪರದೇಶದ ಪದವಿ, ಯಾರೂ ಓದದ ಭಾಷೆ, ಸಸ್ಯಶಾಸ್ತ್ರಜ್ಞನೆಂಬ ಹಣೆಪಟ್ಟಿ, ಯುದ್ಧದ ಅಲೆದಾಟ, ಇವೆಲ್ಲ ತ್ಸ್ವೆತ್‌ನ ಹಿನ್ನೆಲೆ. ಅವನ ಕಾಲದವರು ಆ ಹಿನ್ನೆಲೆಯನ್ನು ಕಂಡು ಅವನನ್ನು ಕಾಣದೆ ಹೋದರು. ಅದನ್ನು ಕಳೆದು ನೋಡಿದ ಮುಂದಿನವರಿಗೆ ಅವನ ನಿಜವಾದ ಬಣ್ಣ ಕಂಡಿತು.