ಸರ್ ಟೈಟಸ್ ಸಾಲ್ಟ್: ಗಿರಣಿ ನಿಂತರೂ ಉಳಿದ ಊರು

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಸಾಲ್ಟೇರ್‌ನಲ್ಲಿ ಉಣ್ಣೆ ಗಿರಣಿಯ ಯಂತ್ರಗಳು ಸ್ತಬ್ಧಗೊಂಡು ದಶಕಗಳೇ ಕಳೆದಿವೆ. ಆದರೆ ಆ ಊರಿನ ಬೀದಿಗಳೂ ಮನೆಗಳೂ ಅವನ್ನು ಕಟ್ಟಿಸಿದ ಸರ್ ಟೈಟಸ್ ಸಾಲ್ಟ್ ಅವರ ಸ್ಮರಣೆಯನ್ನು ಇಂದಿಗೂ ಕಾಪಾಡಿಕೊಂಡಿವೆ.

1803ರ ಸೆಪ್ಟೆಂಬರ್ 20ರಂದು ಲೀಡ್ಸ್ ಬಳಿಯ ಮಾರ್ಲಿಯಲ್ಲಿ ಜನಿಸಿದ ಸಾಲ್ಟ್, ಬ್ರಾಡ್‌ಫರ್ಡ್‌ನಲ್ಲಿ ತಂದೆಯ ಉಣ್ಣೆ ವ್ಯಾಪಾರವನ್ನು ಸೇರಿದರು. ದಕ್ಷಿಣ ಅಮೆರಿಕದ ಅಲ್ಪಾಕಾ ಎಂಬ ಪ್ರಾಣಿಯ ಉಣ್ಣೆಯಿಂದ ಹೊಳಪುಳ್ಳ ಬಟ್ಟೆಯನ್ನು ತಯಾರಿಸಿ ಅಪಾರ ಸಂಪತ್ತನ್ನು ಗಳಿಸಿದರು. 1848ರಲ್ಲಿ ಬ್ರಾಡ್‌ಫರ್ಡ್ ನಗರದ ಮೇಯರ್ ಆದರು. ಗಿರಣಿಗಳ ಹೊಗೆ, ಕಲುಷಿತ ನೀರು, ಇಕ್ಕಟ್ಟಾದ ವಸತಿಗಳಿಂದ ಕಾರ್ಮಿಕರ ಬದುಕು ಅಲ್ಲಿ ದುರ್ಭರವಾಗಿತ್ತು. 1849ರಲ್ಲಿ ಕಾಲರಾ ನೂರಾರು ಜನರನ್ನು ಬಲಿ ತೆಗೆದುಕೊಂಡಿತು.

ನಗರದಲ್ಲಿ ಚದುರಿದ್ದ ತಮ್ಮ ಗಿರಣಿಗಳನ್ನೆಲ್ಲ ಸಾಲ್ಟ್ ಅವರು ಹೊರವಲಯದಲ್ಲಿ ಒಂದುಗೂಡಿಸಲು ನಿರ್ಧರಿಸಿದರು. ನದಿ, ಕಾಲುವೆ, ರೈಲುಮಾರ್ಗ ಮೂರೂ ಸಮೀಪವಿದ್ದ ಸ್ಥಳವನ್ನು ಆರಿಸಿ, ತಮ್ಮ ಹೆಸರಿಗೆ ಏರ್ ನದಿಯ ಹೆಸರನ್ನು ಕೂಡಿಸಿ ಸಾಲ್ಟೇರ್ ಎಂದು ಕರೆದರು. ವಾಸ್ತುಶಿಲ್ಪಿಗಳಾದ ಲಾಕ್‌ವುಡ್ ಮತ್ತು ಮಾಸನ್ ಇಟಲಿಯ ಶೈಲಿಯಲ್ಲಿ ರೂಪಿಸಿದ ಭವ್ಯ ಗಿರಣಿಯು 1853ರಲ್ಲಿ, ಸಾಲ್ಟ್ ಅವರ ಐವತ್ತನೆಯ ಹುಟ್ಟುಹಬ್ಬದಂದು ಆರಂಭವಾಯಿತು. ಅದರ ಬೆನ್ನಿಗೇ ಎಂಟುನೂರಕ್ಕೂ ಹೆಚ್ಚು ಕಲ್ಲಿನ ಮನೆಗಳು ಎದ್ದವು. ನೀರು, ಅನಿಲದೀಪ, ಪ್ರತ್ಯೇಕ ಶೌಚಾಲಯ ಇವು ಅಂದಿನ ಕಾರ್ಮಿಕರಿಗೆ ಅಪರೂಪದ ಸೌಲಭ್ಯಗಳಾಗಿದ್ದವು. ಶಾಲೆ, ಆಸ್ಪತ್ರೆ, ಸ್ನಾನಗೃಹ, ವೃದ್ಧರ ವಸತಿ, ಉದ್ಯಾನ, ಪ್ರಾರ್ಥನಾ ಮಂದಿರಗಳೂ ನಿರ್ಮಾಣಗೊಂಡವು. ಬೀದಿಗಳಿಗೆ ಪತ್ನಿ ಕ್ಯಾರೊಲಿನ್ ಹಾಗೂ ಮಕ್ಕಳ ಹೆಸರುಗಳನ್ನಿಡಲಾಯಿತು.

ಈ ಔದಾರ್ಯಕ್ಕೆ ಇನ್ನೊಂದು ಮುಖವೂ ಇತ್ತು. ದುಡಿಸಿಕೊಳ್ಳುವ ಧಣಿಯೇ ಮನೆಯ ಒಡೆಯನೂ ಆಗಿದ್ದುದರಿಂದ ಕಾರ್ಮಿಕರ ಖಾಸಗಿ ಬದುಕೂ ಅವರ ನಿಯಮಕ್ಕೆ ಒಳಪಟ್ಟಿತ್ತು. ಊರಲ್ಲಿ ಮದ್ಯದಂಗಡಿಗೆ ಅವಕಾಶವಿರಲಿಲ್ಲ. ಮೇಲ್ವಿಚಾರಕರಿಗೆ ದೊಡ್ಡ ಮನೆ, ಸಾಮಾನ್ಯ ಕಾರ್ಮಿಕರಿಗೆ ಚಿಕ್ಕ ಮನೆ ಎಂಬ ಶ್ರೇಣಿಯು ಕಲ್ಲಿನಲ್ಲಿಯೇ ಮೂಡಿತ್ತು.

1876ರ ಡಿಸೆಂಬರ್ 29ರಂದು ನಿಧನರಾದ ಸಾಲ್ಟ್ ಅವರನ್ನು ಸಾಲ್ಟೇರ್‌ನ ಪ್ರಾರ್ಥನಾ ಮಂದಿರದಲ್ಲಿಯೇ ಸಮಾಧಿ ಮಾಡಲಾಯಿತು. ಮುಂದೆ ಗಿರಣಿ ಅವರ ಕುಟುಂಬದ ಕೈತಪ್ಪಿತು; 1986ರಲ್ಲಿ ಅದರ ಬಾಗಿಲು ಮುಚ್ಚಿತು. ಪಾಳುಬೀಳಬಹುದಾಗಿದ್ದ ಕಟ್ಟಡವನ್ನು 1987ರಲ್ಲಿ ಜೊನಾಥನ್ ಸಿಲ್ವರ್ ಎಂಬ ಉದ್ಯಮಿ ಕೊಂಡರು. ಮಗ್ಗಗಳ ಸದ್ದಿದ್ದ ಸ್ಥಳದಲ್ಲಿ ಬ್ರಾಡ್‌ಫರ್ಡ್ ಸಂಜಾತ ಚಿತ್ರಕಾರ ಡೇವಿಡ್ ಹಾಕ್ನಿ ಅವರ ಕಲಾಕೃತಿಗಳು ಪ್ರದರ್ಶನಗೊಂಡವು, ಅಂಗಡಿಗಳು ತೆರೆದವು. 2001ರಲ್ಲಿ ಯುನೆಸ್ಕೊ ಸಾಲ್ಟೇರ್ ಅನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಗಿರಣಿಯಲ್ಲಿ ಬಟ್ಟೆಯ ತಯಾರಿಕೆ ಎಂದೋ ನಿಂತಿತು. ದುಡಿಯುವವರಿಗೆಂದು ಕಟ್ಟಿದ ಮನೆಗಳಲ್ಲಿ ಮಾತ್ರ ಈಗಲೂ ಸಂಸಾರಗಳಿವೆ. ಸಾಲ್ಟ್ ಅವರಿಗೆ ಇದಕ್ಕಿಂತ ಮಿಗಿಲಾದ ಸ್ಮಾರಕವಿರಲಾರದು.